ಮಂದಿ ಹೊಗಿ, ಮಡೆಪ್ಪನ ಅಂಗಿ

ಐವತ್ತಾರು ವರ್ಷ ಬಾರಿನ ಮೆಟ್ಟಿಲು ತುಳಿಯದಿದ್ದ ಮಡೆಪ್ಪ ಐವತ್ತೇಳನೆಯ ವರ್ಷದಲ್ಲಿ ತುಳಿದ. ಕುಡಿಯಲಿಕ್ಕಲ್ಲ, ಸಿಗರೇಟು ಸೇದಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಭಾಲ್ಕಿಯಲ್ಲಿ ಈ ಸಂಗತಿಯ ಬಗ್ಗೆ ನಾಲ್ಕು ಬಗೆಯ ಕಥೆಗಳು ಓಡಾಡುತ್ತಿವೆ, ನಾಲ್ಕರಲ್ಲೂ ಅವನು ಕುಡಿದು ಬಿದ್ದಿದ್ದಾನೆ. ಪಾಪ, ಅವನು ಕುಡಿದದ್ದು ಬರೀ ಸೋಡಾ.

ಮಡೆಪ್ಪ ಭಾಲ್ಕಿ ಬಸ್ ನಿಲ್ದಾಣದ ಕಂಟ್ರೋಲರ್. ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಬಿಡುತ್ತದೆ ಎಂದು ಮೈಕಿನಲ್ಲಿ ಸಾರುವವನು. ಅವನ ಮುಖ ಕಂಡವರಿಗಿಂತ ಧ್ವನಿ ಕೇಳಿದವರು ಹೆಚ್ಚು. ಕಾಯಿಪಲ್ಲೆ ಅಂಗಡಿಯಲ್ಲಿ ಅವನು 'ಬದನಿಕಾಯಿ ಹ್ಯಾಂಗ?' ಎಂದರೆ ಪಕ್ಕದಲ್ಲಿದ್ದವರು ಗಡಬಡಿಸಿ ಚೀಲ ಎತ್ತಿಕೊಳ್ಳುತ್ತಿದ್ದರು.

ಆ ಧ್ವನಿಗೆ ಮೂವತ್ತು ವರ್ಷದಿಂದ ಹೊಗೆ ಹಾಕುತ್ತ ಬಂದಿದ್ದ. ಹೋದ ಬೇಸಿಗೆಯಲ್ಲಿ ಆ ಧ್ವನಿ 'ಹಲಬರ್ಗಾ' ಎಂದು ಊರಿನ ಹೆಸರು ಸಾರುವಲ್ಲಿ 'ಹಲ' ಎಂದು ನಿಂತುಬಿಟ್ಟಿತು. 'ಬರ್ಗಾ' ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಬೀದರಿನ ಮೈಲೂರಿನಲ್ಲಿ ಮನೆ ಮಾಡಿಕೊಂಡಿರುವ, ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಆರತಿ ಅಪ್ಪನನ್ನು ಹಿಡಿದು ಡಾಕ್ಟರರ ಮುಂದೆ ಕೂಡಿಸಿದಳು. ಡಾಕ್ಟರರು ಎದೆಗೆ ಕೊಳವೆ ಇಟ್ಟು ಕೇಳಿದರು, ಬೆನ್ನಿಗೆ ಇಟ್ಟು ಕೇಳಿದರು, ಬೈಯಲಿಲ್ಲ. ಸುಮ್ಮನೆ ಬರೆಯುತ್ತ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಹೆಂಡತಿ ಚಂದ್ರಭಾಗಾಳಿಗೆ ಅನಿಸಿತು.

ಅಂದು ಸಂಜೆ ಭಾಲ್ಕಿಗೆ ಬಂದು ಇಳಿದ ಮೇಲೆ ಅವಳು ಗಂಡನಿಗೆ ಹೇಳಿದಳು: "ಆಣಿ ಗೀಣಿ ಏನೂ ಬ್ಯಾಡ. ಇನ್ನ ಸೇದೂದಿಲ್ಲ ಅಂತ ಒಂದ್ ಸಲ ಹೂಂ ಅನ್ರಿ. ಅಷ್ಟೇ ಸಾಕು."

ಮಡೆಪ್ಪ 'ಹೂಂ' ಅಂದ.

ಮೂವತ್ತೊಂದು ವರ್ಷದ ಸಂಸಾರದಲ್ಲಿ ಮಡೆಪ್ಪನ ಹೂಂ ಎಂದೂ ಸುಳ್ಳಾಗಿರಲಿಲ್ಲ. ಅವನು ಹೂಂ ಅಂದರೆ ಚಂದ್ರಭಾಗಾ ಆ ವಿಷಯವನ್ನು ಮನಸ್ಸಿನಿಂದ ತೆಗೆದುಹಾಕಿ ಬೇರೆ ಕೆಲಸ ನೋಡುತ್ತಿದ್ದಳು. ಈ ಸಲದ ಹೂಂ ಒಂಬತ್ತು ದಿನ ಬಾಳಿತು.

ಹತ್ತನೆಯ ದಿನ ಸೇದಲು ಜಾಗ ಹುಡುಕಬೇಕಾಯಿತು. ಸೇದುವುದಕ್ಕಿಂತ ಇದು ಕಷ್ಟದ ಕೆಲಸ. ಚಂದ್ರಭಾಗಾ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಸಂಘದಲ್ಲಿ ನಲವತ್ತು ಸದಸ್ಯೆಯರು, ಎಂದರೆ ಎಂಬತ್ತು ಕಣ್ಣು. ಬಸ್ ನಿಲ್ದಾಣದ ಹಿಂದೆ ಹೋದರೆ ಅಲ್ಲಿ ಸಂಘದ ಕಾರ್ಯದರ್ಶಿ ಇಮಾಮಬೀಯ ಬಳೆ ಅಂಗಡಿ. ರೈಲು ಸ್ಟೇಷನ್ನಿನ ಕಡೆ ಹೋದರೆ ಅಲ್ಲೊಬ್ಬಳು ಶೇಂಗಾ ಮಾರುತ್ತಾಳೆ. ಹೆಣ್ಣುಮಕ್ಕಳ ಕಾಲು ಎಂದೂ ಬೀಳದ ಜಾಗ ಭಾಲ್ಕಿಯಲ್ಲಿ ಯಾವುದಿದೆ ಎಂದು ಯೋಚಿಸುತ್ತ ಯೋಚಿಸುತ್ತ ಮಡೆಪ್ಪನಿಗೆ ಶಾಲೆಯ ಗೆಳೆಯ ಗೋರಖನಾಥನ ಬಾರು ನೆನಪಾಯಿತು. (ಇಂಥ ಜ್ಞಾನೋದಯಗಳು ಮನುಷ್ಯನಿಗೆ ಬರದೇ ಇದ್ದರೆ ಎಷ್ಟೋ ಸಂಸಾರಗಳು ನೆಟ್ಟಗಿರುತ್ತವೆ.)

ಆ ಬಾರು ಈಗ ಬಾರಲ್ಲ, ಪಬ್ಬು. ಗೋರಖನಾಥ ಒಂದು ಮದುವೆಗೆಂದು ಹೈದರಾಬಾದಿಗೆ ಹೋದವನು ಅಲ್ಲಿ ಪಬ್ ನೋಡಿ ಬಂದು, ಎರಡು ಎತ್ತರದ ಸ್ಟೂಲು ತಂದಿಟ್ಟ, ಒಂದು ನೀಲಿ ದೀಪ ಹಚ್ಚಿದ, ಬಾಗಿಲ ಮೇಲೆ 'ಪಬ್' ಎಂದು ಬರೆಸಿದ. ಕಾಲು ನೆಲಕ್ಕೆ ಹತ್ತುವುದಿಲ್ಲ ಎಂದು ಆ ಸ್ಟೂಲುಗಳ ಮೇಲೆ ಯಾರೂ ಕೂರಲಿಲ್ಲ. ಒಂದರ ಮೇಲೆ ನೀರಿನ ಜಗ್ಗು ಕೂತಿತು, ಇನ್ನೊಂದರ ಮೇಲೆ ಗೋರಖನಾಥನ ಹೆಲ್ಮೆಟ್. ಉಳಿದದ್ದೆಲ್ಲ ಮೊದಲಿನಂತೆಯೇ. ಗೋಡೆಯ ಮೇಲೆ ಸರಕಾರದ ನಿಯಮದಂತೆ ಒಂದು ಹಲಗೆಯೂ ಇತ್ತು. ಅದರಲ್ಲಿ ಏನು ಬರೆದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಹೊಗೆ ಕುಡಿದು ಅದು ಚಹಾದ ಬಣ್ಣಕ್ಕೆ ತಿರುಗಿತ್ತು.

ದಿನಾ ಸಂಜೆ ಆರಕ್ಕೆ ಡ್ಯೂಟಿ ಮುಗಿಸಿ ಮಡೆಪ್ಪ ಮೂಲೆಯ ಮೇಜಿಗೆ ಬರುವನು. ಒಂದು ಸೋಡಾ, ಒಂದು ಪ್ಲೇಟು ಭಜಿ, ಎರಡು ಸಿಗರೇಟು. ಅಲ್ಲಿ ಹದಿನಾಲ್ಕು ವರ್ಷದಿಂದ ಗಿರಾಕಿಗಳಿಗೆ ತಂದುಕೊಡುವ ಕೆಲಸ ಮಾಡುವ ಖಾಸಿಂ ಅಲಿ ಕೇಳುವ ಮೊದಲೇ ಬೂದಿಯ ತಟ್ಟೆ ತಂದಿಡುವನು. ನಲವತ್ತೈದರ ಆಸುಪಾಸಿನ, ಮಿತಭಾಷಿ ಮನುಷ್ಯ. ಮಾತಿಗಿಂತ ಮೊದಲು ಅವನಿಗೆ ಸಣ್ಣದೊಂದು ಕೆಮ್ಮು ಬರುತ್ತಿತ್ತು. ಕೆಮ್ಮುವಾಗ ಗಿರಾಕಿಗಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಮಡೆಪ್ಪ ಅದನ್ನು ಕಂಡಿದ್ದ, ಒಳ್ಳೆಯ ನಡತೆಯವನು ಎಂದುಕೊಂಡಿದ್ದ.

ಹೊಗೆಗೆ ಒಂದು ದುರ್ಗುಣವಿದೆ. ಬಾಯಿಯ ವಾಸನೆಯನ್ನು ಏಲಕ್ಕಿ ನುಂಗುತ್ತದೆ, ಅಂಗಿಯ ವಾಸನೆಯನ್ನು ಯಾವುದೂ ನುಂಗುವುದಿಲ್ಲ. ನಾಲ್ಕನೆಯ ದಿನ ಚಂದ್ರಭಾಗಾ ಒಗೆಯಲು ಅಂಗಿ ಎತ್ತಿಕೊಂಡವಳು ಹಾಗೇ ನಿಂತಳು.

"ಏನ್ರಿ ಇದು, ಅಂಗಿ ಹೊಗಿ ನಾರ್ಲತ್ತದ?"

ಮಡೆಪ್ಪ ಮೂರು ದಿನದಿಂದ ಈ ಪ್ರಶ್ನೆಗೆ ಉತ್ತರ ತಯಾರು ಮಾಡಿಟ್ಟುಕೊಂಡಿದ್ದ. "ಅದು ನನ್ನ ಹೊಗಿ ಅಲ್ಲ, ಮಂದಿ ಹೊಗಿ."

"ಮಂದಿ ಹೊಗಿ ನಿಮ್ಮ ಅಂಗಿಗಿ ಹ್ಯಾಂಗ ಬಂತು?"

"ಗೋರಖನ ಅಂಗಡ್ಯಾಗ ಒಂದ್ ತಾಸು ಕೂಡ್ತೇನಿ. ಕುಡ್ಯೂದಿಲ್ಲ, ಬೇಕಾದ್ರ ಬಾಯಿ ನೋಡು. ಸೋಡಾ ಕುಡೀತೇನಿ. ಸಿಗರೇಟು ಬಿಟ್ಟ ಮ್ಯಾಲ ಸಂಜಿ ಹೊತ್ತು ಹೋಗವಲ್ದು, ಅದಕ್ಕ ಸಾಲಿ ದೋಸ್ತನ ಹತ್ತಿರ ಕುಂತು ನಾಲ್ಕ್ ಮಾತಾಡಿ ಬರ್ತೇನಿ. ಅಲ್ಲಿ ಎಲ್ಲಾರೂ ಸೇದ್ತಾರ. ನಾ ಏನ್ ಮಾಡ್ಲಿ?"

ಚಂದ್ರಭಾಗಾ ಅವನ ಬಾಯಿಯ ಹತ್ತಿರ ಮೂಗು ತಂದಳು. ಏಲಕ್ಕಿ. ಬಾರಿಗೆ ಹೋಗುವ ವಿಷಯವನ್ನು ತಾನಾಗಿ ಒಪ್ಪಿಕೊಂಡವನು ಸುಳ್ಳು ಹೇಳುತ್ತಾನೆಯೇ? ದೊಡ್ಡ ತಪ್ಪನ್ನು ಒಪ್ಪಿಕೊಂಡು ಸಣ್ಣದನ್ನು ಬಚ್ಚಿಡುವ ಈ ಉಪಾಯಕ್ಕೆ ಮಡೆಪ್ಪ ಒಳಗೊಳಗೇ ತನ್ನ ಬೆನ್ನು ತಟ್ಟಿಕೊಂಡ.

ಆದರೆ ಚಂದ್ರಭಾಗಾಳ ಮುಖದಲ್ಲಿ ಸಮಾಧಾನದ ಬದಲು ಹೊಸದೊಂದು ಚಿಂತೆ ಮೂಡಿತು. ಅವಳು ಮಗಳಿಗೆ ಫೋನು ಹಚ್ಚಿದಳು. ಮಂದಿ ಸೇದಿದ ಹೊಗೆ ಪಕ್ಕದಲ್ಲಿ ಕೂತವರಿಗೆ ಏನು ಮಾಡುತ್ತದೆ ಎಂದು ಆರತಿ ಹತ್ತು ನಿಮಿಷ ಹೇಳಿದಳು. ಎದೆ, ಹೃದಯ, ರಕ್ತನಾಳ, ಒಂದನ್ನೂ ಬಿಡಲಿಲ್ಲ. ಸೇದುವವನಾದರೂ ತನ್ನ ಇಚ್ಛೆಯಿಂದ ಸೇದುತ್ತಾನೆ, ಪಕ್ಕದವನಿಗೆ ಆ ಸುಖವೂ ಇಲ್ಲ ಎಂದಳು.

ಫೋನಿಟ್ಟು ಚಂದ್ರಭಾಗಾ ಗಂಡನನ್ನು ನೋಡಿದಳು. ಇಷ್ಟು ಮಮತೆಯಿಂದ ಅವಳು ನೋಡಿ ವರ್ಷಗಳಾಗಿದ್ದವು. "ಮೂವತ್ತು ವರ್ಷದ ಚಟ ನನ್ನ ಒಂದ್ ಮಾತಿಗಿ ಬಿಟ್ಟೀರಿ. ಬಿಟ್ಟ ಮ್ಯಾಲೂ ಆ ಹೊಗಿ ನಿಮ್ಮ ಎದಿಗಿ ಹೋಗ್ಲತ್ತದಲ್ಲ, ಇದ್ಯಾವ ನ್ಯಾಯ?"

ಮಡೆಪ್ಪ ಆ ಅಂಗಿಯನ್ನು ಎತ್ತಿ ಬಕೆಟ್ಟಿಗೆ ಹಾಕಿದ. "ಹೋಗ್ಲಿ ಬಿಡು. ಇಷ್ಟು ದಿನ ನಡದದ. ಬೇಕಾದ್ರ ನಾ ಅಲ್ಲಿಗಿ ಹೋಗೂದೇ ಬಿಡ್ತೇನಿ."

"ನೀವ್ಯಾಕ ಬಿಡಬೇಕು? ಸೇದೂದ್ ಬಿಟ್ಟೀರಿ, ದೋಸ್ತನ್ನೂ ಬಿಡಬೇಕಾ? ಬಿಡಬೇಕಾದವ್ರು ಅವರು."

ಗುರುವಾರ ಸಂಜೆ ಆರೂಕಾಲಿಗೆ ಮಡೆಪ್ಪ ಎರಡನೆಯ ಸಿಗರೇಟು ಹಚ್ಚಿದ್ದನಷ್ಟೆ. ಪಬ್ಬಿನ ಬಾಗಿಲ ಪರದೆ ಸರಿಯಿತು. ನೀಲಿ ಬೆಳಕಿನಲ್ಲಿ ಮೊದಲು ಚಂದ್ರಭಾಗಾ, ಹಿಂದೆ ಬುರ್ಖಾ ಸರಿಪಡಿಸಿಕೊಳ್ಳುತ್ತ ಇಮಾಮಬೀ. ಹತ್ತು ಹನ್ನೆರಡು ಗ್ಲಾಸುಗಳು ಮೇಜಿಗೂ ಬಾಯಿಗೂ ನಡುವೆ ನಿಂತವು.

ಆ ಕ್ಷಣ ಮಡೆಪ್ಪ ಮಾಡಿದ್ದನ್ನು ಅವನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾನೆ. ಭಜಿಯ ಪ್ಲೇಟು ಇಡಲು ಬಂದ ಖಾಸಿಂ ಅಲಿ ಪಕ್ಕದಲ್ಲೇ ಬಗ್ಗಿದ್ದ. ಮಡೆಪ್ಪ ಉರಿಯುವ ಸಿಗರೇಟನ್ನು ಅವನ ಬೆರಳಿಗೆ ತುರುಕಿಬಿಟ್ಟ.

ಖಾಸಿಂ ಅಲಿ ಅದನ್ನು ಕೆಳಗೆ ಬಿಸಾಕಲಿಲ್ಲ. ಒಂದು ಸಲ ಮಡೆಪ್ಪನ ಮುಖ ನೋಡಿದ, ನೆಟ್ಟಗೆ ನಿಂತ. ಸೇದಿ ಗೊತ್ತಿರುವವನು ಹಿಡಿಯುವ ಹಾಗೆ ಅವನು ಹಿಡಿದಿರಲಿಲ್ಲ. ಯಾರೋ ಹಿಡಿದುಕೋ ಎಂದು ಕೊಟ್ಟುಹೋದ ಪೆನ್ನು ಹಿಡಿದಂತೆ ಹಿಡಿದಿದ್ದ.

ಚಂದ್ರಭಾಗಾ ನೆಟ್ಟಗೆ ಅವನ ಹತ್ತಿರವೇ ಬಂದಳು. "ಏನ್ ಭಾಯ್, ಮಂದಿಗಿ ತಿನ್ನಾಕ ಕೊಡೋ ಕೈ ಇದು. ಅದರಾಗೇ ಸಿಗರೇಟಾ? ಗಿರಾಕಿ ಮಾರಿ ಮ್ಯಾಲೇ ಹೊಗಿ ಬಿಡ್ಲತ್ತೀರಲ್ಲ. ಮನ್ಯಾಗ ಮಕ್ಕಳಿಲ್ಲೇನು ನಿಮಗ?"

"ಮಗಳು ಅದಾಳ ಅಕ್ಕಾ" ಎಂದ ಖಾಸಿಂ ಅಲಿ. ಕೆಮ್ಮು ಬಂತು, ಬೆನ್ನು ತಿರುಗಿಸಿದ.

"ನೋಡ್ರಿ, ಕೆಮ್ಮು ಬ್ಯಾರೆ. ಆದ್ರೂ ಬಿಡವಲ್ರು."

"ತಪ್ಪಾತಕ್ಕಾ" ಎಂದು ಅವನು ಸಿಗರೇಟನ್ನು ಬೂದಿ ತಟ್ಟೆಯಲ್ಲಿ ಒತ್ತಿ ಆರಿಸಿ ಒಳಗೆ ಹೋದ. ಮಡೆಪ್ಪ ಭಜಿಯನ್ನೇ ನೋಡುತ್ತ ಕೂತಿದ್ದ. ಅದಕ್ಕೆ ಎಷ್ಟು ಮೆಣಸಿನಕಾಯಿ ಹಾಕಿದ್ದಾರೆ ಎಂದು ಅಷ್ಟು ಏಕಾಗ್ರತೆಯಿಂದ ಯಾರೂ ನೋಡಿರಲಾರರು.

ಅಷ್ಟರಲ್ಲಿ ಗೋರಖನಾಥ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದ. ಚಂದ್ರಭಾಗಾ ಬಂದ ಕೆಲಸ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಅಕ್ಕಾ, ಇದು ಪಬ್ಬು. ಪಬ್ ಅಂದ ಮ್ಯಾಲ ಹೊಗಿ ಇರೂದೇ. ಹೊಗಿ ತೆಗದ್ರ ಖಾನಾವಳಿ ಆಗ್ತದ."

"ಆಗ್ಲಿ. ಖಾನಾವಳಿ ಆದ್ರ ಏನ್ ಕೆಡ್ತದ?"

"ಕುಡಿಯೋರಿಗಿ ಕೈಯಾಗ ಸಿಗರೇಟು ಬೇಕು ಅಕ್ಕಾ. ನೀವು ಕುಡ್ಯೂದಕ್ಕ ಏನೂ ಅನ್ನವಲ್ರಿ, ಸೇದೂದಕ್ಕ ಯಾಕ ಅಂತೀರಿ?"

"ಕುಡದದ್ದು ಕುಡದವನ ಹೊಟ್ಟಿಗೇ ಹೋಗ್ತದ ಗೋರಖಣ್ಣ. ಸೇದಿದ್ದು ಅವನ ಹೊಟ್ಟ್ಯಾಗ ನಿಲ್ಲೂದಿಲ್ಲ, ಎಲ್ಲಾರ ಹೊಟ್ಟಿಗಿ ಹೋಗ್ತದ. ನಿಮ್ಮ ಗಿರಾಕಿ ಕುಡದು ಇನ್ನೊಬ್ಬರ ಬಾಯಾಗ ಉಗುಳಿದ್ರ ನೀವು ಸುಮ್ನ ಕೂಡ್ತೀರೇನು?"

ಗ್ಲಾಸು ಹಿಡಿದಿದ್ದ ಒಬ್ಬ ಅದನ್ನು ಕೆಳಗಿಟ್ಟ. ಇನ್ನೊಬ್ಬ, "ಹೊಗಿ ಬ್ಯಾಡಾದವ್ರು ಇಲ್ಲಿ ಬರಬಾರ್ದ್ರಿ" ಎಂದ. ಅದೂ ನ್ಯಾಯವಾದ ಮಾತೇ ಎಂದು ಮಡೆಪ್ಪನಿಗೆ ಅನಿಸಿತು. ಗೋರಖನಾಥನಿಗೂ ಅನಿಸಿತು.

"ಖರೆ ನೋಡ್ರಿ ಅಕ್ಕಾ. ಬಂದವ್ರು ತಮ್ಮ ಖುಷಿಲಿಂದ ಬರ್ತಾರ. ಇಲ್ಲೀತನಕ ಯಾರೂ ತಕರಾರ್ ಮಾಡಿಲ್ಲ."

"ನಮ್ಮನಿಯವ್ರು ಮಾಡ್ಲತ್ತಾರ. ಕೇಳ್ರಿ ಬೇಕಾದ್ರ."

ಎಲ್ಲರೂ ಮಡೆಪ್ಪನ ಕಡೆ ತಿರುಗಿದರು. ಅವನ ಮೇಜಿನಿಂದ ದಿನಾ ಏಳುವ ಹೊಗೆಯನ್ನು ಕಂಡ ಹನ್ನೆರಡು ಜನ. ಗೋರಖನಾಥ ಬಾಯಿ ತೆರೆದ, ಗೆಳೆತನ ಅಡ್ಡ ಬಂದು ಮುಚ್ಚಿದ.

"ತಕರಾರ್ ಅಂದ್ರ... ಸ್ವಲ್ಪ ತ್ರಾಸ ಆಗ್ತದ" ಎಂದ ಮಡೆಪ್ಪ. ಬಸ್ಸು ಅರ್ಧ ತಾಸು ತಡ ಎಂದು ಸಾರುವಾಗಿನ ಧ್ವನಿ ಅದು.

ಇಮಾಮಬೀ ಬಂದಾಗಿನಿಂದ ಗೋಡೆಯ ಹಲಗೆಯನ್ನೇ ನೋಡುತ್ತಿದ್ದಳು. ಜಗ್ಗಿನ ನೀರಿಗೆ ಕರವಸ್ತ್ರ ಅದ್ದಿ ಒಂದು ಸಲ ಒರೆಸಿದಳು. ಚಹಾದ ಬಣ್ಣದ ಕೆಳಗಿನಿಂದ ಕೆಂಪು ಅಕ್ಷರಗಳು ಬಂದವು: 'ಧೂಮಪಾನ ನಿಷೇಧಿಸಲಾಗಿದೆ'. ಗೋರಖನಾಥ ಅದನ್ನು ಮೊದಲ ಸಲ ಓದುವವನಂತೆ ಓದಿದ.

ಕೊನೆಗೆ ಒಪ್ಪಂದವಾಯಿತು. ಪಬ್ಬಿನ ಹಿಂದೆ ಬೇವಿನ ಗಿಡವಿದೆ, ಅದರ ಸುತ್ತ ಕಲ್ಲಿನ ಕಟ್ಟೆಯಿದೆ. ಎಂಟು ದಿನದ ಮಟ್ಟಿಗೆ ಸೇದುವವರು ಅಲ್ಲಿ ಹೋಗಿ ಸೇದಲಿ, ಎಂಟು ದಿನದ ಮೇಲೆ ಕೂತು ಮಾತಾಡೋಣ.

ಆ ಎಂಟು ದಿನ ಮಡೆಪ್ಪ ಅನುಭವಿಸಿದ್ದು ಶತ್ರುವಿಗೂ ಬೇಡ. ಎಲ್ಲರೂ ಗ್ಲಾಸು ಬಿಟ್ಟು ಕಟ್ಟೆಗೆ ಹೋಗಿ ಗುಂಪಾಗಿ ಸೇದಿ ನಗುತ್ತ ಬರುವರು. ಮಡೆಪ್ಪ ಹೋಗುವಂತಿಲ್ಲ, ಅವನು ಅಧಿಕೃತ ಸಂತ್ರಸ್ತ. ಅವನಿಗಾಗಿಯೇ ಶುದ್ಧೀಕರಿಸಲಾದ ಗಾಳಿಯಲ್ಲಿ ಒಬ್ಬನೇ ಸೋಡಾ ಹಿಡಿದು ಕೂರಬೇಕು. ಮನೆಯಲ್ಲಿ ಚಂದ್ರಭಾಗಾ ದಿನಾ ಅಂಗಿ ಮೂಸಿ ನೋಡಿ ಸಂತೋಷಪಡುತ್ತಿದ್ದಳು. ಅವಳ ಸಂತೋಷ ನೋಡಿದಷ್ಟೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಐದನೆಯ ದಿನ ಒಳಗೆ ಅವನೂ ಖಾಸಿಂ ಅಲಿಯೂ ಇಬ್ಬರೇ ಉಳಿದರು. ಮಡೆಪ್ಪನಿಗೆ ತಡೆಯಲಾಗಲಿಲ್ಲ.

"ಖಾಸಿಂಭಾಯ್, ಅವತ್ತ ನಂದ್ ತಪ್ಪಾತು. ನೀವು ಯಾಕ ಸುಮ್ನ ಬೈಸ್ಕೊಂಡ್ರಿ?"

ಖಾಸಿಂ ಅಲಿ ಮೇಜು ಒರೆಸುತ್ತ ನಕ್ಕ. "ಮಿಯಾ ಬೀವಿ ನಡುವಿನ ಮಾತು ಸಾಬ್. ನಾ ಹೊರಗಿನವ. ಎರಡ್ ಮಾತು ಬೈಸ್ಕೊಂಡ್ರ ನನಗೇನ್ ಆಗ್ತದ."

"ನೀವು ಎಂದಾದ್ರೂ ಸೇದೀರೇನು?"

"ಕೈಯಾಗ ಹಿಡದದ್ದು ಅವತ್ತ ಒಂದೇ ಸಲ. ಸೇದಿದ್ದು ಹದಿನಾಲ್ಕು ವರ್ಷ." ಇದನ್ನು ಅವನು ದೂರಿನಂತೆ ಹೇಳಲಿಲ್ಲ, ಊರು ಯಾವುದೆಂದು ಕೇಳಿದರೆ ಹೇಳುವಂತೆ ಹೇಳಿದ. "ಮನಿಗಿ ಹೋದ್ರ ಹೆಂಡ್ತಿ ಖುರ್ಷಿದ ಒಳಗ ಬಿಡ್ತಿದ್ದಿಲ್ಲ ಸಾಬ್. ಅಂಗಿ ಹೊರಗ ಬಿಚ್ಚಿ, ಜಳಕ ಮಾಡಿ, ಆಮ್ಯಾಲ ಒಳಗ. ಮಗಳು ಫರ್ಹೀನಗ ದಮ್ಮಿನ ಬ್ಯಾನಿ ಅದ, ಈ ವಾಸನಿಗಿ ಉಸಿರು ಹಿಡೀತಿತ್ತು. ಮೊನ್ನಿ ನಾ ಬಂದದ್ದು ಅವಳಿಗಿ ಗೊತ್ತೇ ಆಗಿಲ್ಲ. ವಾಸನಿ ಇಲ್ಲಲ್ಲ. ತಿರುಗಿ ನೋಡಿ, ಅಬ್ಬಾ ಯಾವಾಗ ಬಂದ್ರಿ ಅಂದಳು." ಮೇಜಿನ ಅರಿವೆ ಮಡಚುತ್ತ, "ನೀವು ತಕರಾರ್ ಮಾಡಿದ್ರಿ ಅಂತ ಆತು ಸಾಬ್. ನಾವು ಮಾಡಿದ್ರ ಯಾರ್ ಕೇಳ್ತಾರ" ಎಂದ.

ಪಬ್ಬಿಗೆ ತಮ್ಮ ಖುಷಿಯಿಂದ ಬರುವವರು ಗಿರಾಕಿಗಳು ಮಾತ್ರ ಎಂಬುದು ಮಡೆಪ್ಪನಿಗೆ ಅಂದು ಹೊಳೆಯಿತು. ಈ ಮನುಷ್ಯ ತನ್ನ ಕೆಮ್ಮು ಗಿರಾಕಿಗಳಿಗೆ ತಾಗಬಾರದೆಂದು ಬೆನ್ನು ತಿರುಗಿಸಿ ಕೆಮ್ಮುತ್ತಿದ್ದ. ಗಿರಾಕಿಗಳು ಹೊಗೆ ಬಿಡುವಾಗ ಯಾರೂ ಬೆನ್ನು ತಿರುಗಿಸಿರಲಿಲ್ಲ. ಮಡೆಪ್ಪನೂ.

ಎಂಟನೆಯ ದಿನ ಹೆಣ್ಣುಮಕ್ಕಳು ಬರುವುದಕ್ಕಿಂತ ಮೊದಲು ಗೋರಖನಾಥ ಅವನ ಪಕ್ಕ ಬಂದು ಕೂತ. "ಮಡೆಪ್ಪಾ, ನಿನ್ನ ಗುಟ್ಟು ನಾ ಹೇಳಿಲ್ಲ, ಹೇಳೂದಿಲ್ಲ. ನೀ ಒಂದ್ ಕೆಲಸ ಮಾಡು. ಈಗ ನನಗ ತ್ರಾಸ ಇಲ್ಲ, ಮಂದಿ ಸೇದಿದ್ರ ನಡೀತದ ಅಂತ ಅಕ್ಕನ ಮುಂದ ಹೇಳಿಬಿಡು. ತಕರಾರೇ ಇಲ್ಲಂದ್ರ ಅಕಿನೂ ಸುಮ್ನ ಆಗ್ತಾಳ. ನೀನೂ ಮೊದಲಿನಂಗ ಮೂಲ್ಯಾಗ ಕುಂತು ಸೇದು."

ಎಷ್ಟು ಸುಲಭದ ದಾರಿ. ಮಡೆಪ್ಪನ ನಾಲಿಗೆಗೆ ಎಂಟು ದಿನದ ನಂತರ ಆ ರುಚಿ ತಾನಾಗಿ ಬಂತು.

ಚಂದ್ರಭಾಗಾ ಬಂದಳು, ಇಮಾಮಬೀ ಬಂದಳು. ಗೋರಖನಾಥ, "ಮಡೆಪ್ಪ ಏನೋ ಹೇಳಬೇಕಂತಾನ" ಎಂದ. ಮಡೆಪ್ಪ ಎದ್ದು ನಿಂತ. ಕುಳಿತೇ ಹೇಳಬಹುದಿತ್ತು.

"ನನ್ನ ಅಂಗಿ ಮ್ಯಾಲಿದ್ದದ್ದು ಮಂದಿ ಹೊಗಿ ಅಲ್ಲ. ನಂದೇ. ಒಂಬತ್ತು ದಿನ ಬಿಟ್ಟಿದ್ದೆ, ಹತ್ತನೇ ದಿನ ಇಲ್ಲಿ ಬಂದು ಶುರು ಮಾಡ್ದೆ. ಸೇದಲಾಕೇ ಬರ್ತಿದ್ದೆ."

ಕಟ್ಟೆಯ ಕಡೆಯಿಂದ ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು. ಚಂದ್ರಭಾಗಾಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಎಣಿಸಿಟ್ಟ ವಸ್ತು ಇಟ್ಟಲ್ಲಿ ಇಲ್ಲದಾಗ ಮನುಷ್ಯ ನಿಲ್ಲುತ್ತಾನಲ್ಲ, ಹಾಗೆ ನಿಂತಿದ್ದಳು.

"ಅವತ್ತ ಖಾಸಿಂಭಾಯ್ ಕೈಯಾಗ ಇದ್ದದ್ದು?"

"ನಂದೇ. ನೀ ಬಂದಿ ಅಂತ ಅವರ ಕೈಯಾಗ ಇಟ್ಟೆ."

ಅವಳು ಗಂಡನನ್ನು ಅಲ್ಲೇ ಬಿಟ್ಟು ಖಾಸಿಂ ಅಲಿಯ ಕಡೆ ತಿರುಗಿದಳು. "ಭಾಯ್, ಎಲ್ಲಾರ ಮುಂದ ಬೈದೆ. ಎಲ್ಲಾರ ಮುಂದೇ ಹೇಳ್ತೇನಿ, ತಪ್ಪಾತು."

"ಬೈದ ಮಾತು ಖರೆನೇ ಇತ್ತಕ್ಕಾ" ಎಂದ ಖಾಸಿಂ ಅಲಿ. "ಆದ್ಮಿ ಬ್ಯಾರೆ ಇದ್ದ, ಅಷ್ಟೇ."

ಗೋರಖನಾಥನಿಗೆ ಒಂದು ಬಾಗಿಲು ಕಂಡಿತು. "ಹಂಗಾದ್ರ ತಕರಾರೇ ಇಲ್ಲ. ತ್ರಾಸ ಆದವನೇ ಸೇದವ ಇದ್ದ."

"ತಕರಾರ್ ಅದ" ಎಂದ ಮಡೆಪ್ಪ. "ನಂದಲ್ಲ, ಖಾಸಿಂಭಾಯಿದು. ನೀ ಕೇಳಿಲ್ಲ, ಅವರು ಹೇಳಿಲ್ಲ. ನಾವು ಎದ್ದು ಮನಿಗಿ ಹೋಗ್ತೇವಿ ಗೋರಖ, ಅವರು ಇಲ್ಲೇ ಇರ್ತಾರ."

ಖಾಸಿಂ ಅಲಿ ಗಾಬರಿಯಾಗಿ, "ಮಾಲಿಕ್ ಹ್ಯಾಂಗ ಹೇಳ್ತಾರ ಹಂಗ" ಎಂದ. ಗೋರಖನಾಥ ಬಹಳ ಹೊತ್ತು ಅವನನ್ನು ನೋಡಿದ. ಹದಿನಾಲ್ಕು ವರ್ಷದಲ್ಲಿ ಇಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. "ಈ ಎಂಟು ದಿನ ನಿನ್ನ ಕೆಮ್ಮು ಕಮ್ಮಿ ಆದಂಗ ಆಗ್ಯದ" ಎಂದ ಕೊನೆಗೆ. "ಇರ್ಲಿ. ಹೊರಗೇ ಸೇದ್ಲಿ. ಖಾನಾವಳಿ ಆದ್ರ ಆಗ್ಲಿ."

ಮನೆಗೆ ನಡೆದು ಹೋಗುವಾಗ ಚಂದ್ರಭಾಗಾ ನಾಲ್ಕು ಹೆಜ್ಜೆ ಮುಂದಿದ್ದಳು. ಬಾಗಿಲ ಬೀಗ ತೆಗೆಯುತ್ತ ಒಂದೇ ಮಾತು ಹೇಳಿದಳು: "ನಿಮ್ಮ ಹೂಂ ಮ್ಯಾಲ ನಾ ನಲವತ್ತು ಮಂದಿ ಹೆಣ್ಮಕ್ಕಳ ಮುಂದ ನಿಂತು ಮಾತಾಡೀನಿ." ಮಡೆಪ್ಪ ಜೇಬಿನಲ್ಲಿ ಉಳಿದಿದ್ದ ಏಲಕ್ಕಿಗಳನ್ನು ತೆಗೆದು ಹೊಸ್ತಿಲ ಹೊರಗೆ ಎಸೆದ.

ಆ ಮೇಲೆ ಅವಳು ಅವನಿಂದ ಹೂಂ ಕೇಳುವುದನ್ನು ಬಿಟ್ಟಳು. ಅಂಗಿ ಮೂಸುವುದನ್ನೂ ಬಿಟ್ಟಳು. ಊಟಕ್ಕೆ ಕೂತಾಗ "ಇವತ್ತ ಎಷ್ಟು?" ಎನ್ನುತ್ತಾಳೆ. ಅವನು "ಎರಡು" ಎಂದರೂ "ಒಂದು" ಎಂದರೂ ಏನೂ ಅನ್ನದೆ ರೊಟ್ಟಿ ಬಡಿಸುತ್ತಾಳೆ. 'ಇವತ್ತ ಇಲ್ಲ' ಎಂದ ದಿನವೂ ಬಡಿಸುವ ರೀತಿ ಅದೇ, ತುಪ್ಪ ಮಾತ್ರ ಸ್ವಲ್ಪ ಹೆಚ್ಚು ಬೀಳುತ್ತದೆ. ಈಚೆಗೆ ತುಪ್ಪದ ದಿನಗಳು ಹೆಚ್ಚಾಗುತ್ತಿವೆ.

ಊರು ಮಾತ್ರ ಮಡೆಪ್ಪನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬೇವಿನ ಗಿಡದ ಕೆಳಗಿನ ಕಟ್ಟೆಗೆ ಕುಡಿಯುವವರೆಲ್ಲ ಸೇರಿ 'ಮಡೆಪ್ಪನ ಕಟ್ಟಿ' ಎಂದು ನಾಮಕರಣ ಮಾಡಿದರು. ಸೇದಲು ಎದ್ದವನು 'ಮಡೆಪ್ಪನ ಕಡಿ ಹೋಗಿ ಬರ್ತೇನಿ' ಎನ್ನುವುದು ಮೊದಲು ಪಬ್ಬಿನಲ್ಲಿ ರೂಢಿಯಾಯಿತು, ಆಮೇಲೆ ಪೇಟೆಯಲ್ಲಿ. ಯಾರಿಗೂ ಕಾಣದಂತೆ ಎರಡು ಸಿಗರೇಟು ಸೇದಬೇಕೆಂದು ಹೊರಟವನ ಹೆಸರು ತಾಲೂಕಿನಲ್ಲಿ ಸಿಗರೇಟಿಗೇ ಅಂಟಿಕೊಂಡಿತು.

ಮೊನ್ನೆ ಮಧ್ಯಾಹ್ನ ಔರಾದದ ಬಸ್ಸಿನಿಂದ ಇಳಿದ ಒಬ್ಬ ಹಿರಿಯರು ಬಾಯಲ್ಲಿ ಹಚ್ಚದ ಸಿಗರೇಟು ಇಟ್ಟುಕೊಂಡು ನಿಲ್ದಾಣದ ಗಾಜಿನ ಕೋಣೆಯ ಕಿಟಕಿಗೆ ಬಂದರು.

"ಸಾಹೇಬ್ರ, ಇಲ್ಲಿ ಸೇದಬಾರ್ದಂತ. ಮಡೆಪ್ಪನ ಕಟ್ಟಿಗಿ ಹೋಗ್ರಿ ಅಂದ್ರು. ಎಲ್ಲಿ ಬರ್ತದ್ರಿ ಅದು?"

ಮಡೆಪ್ಪ ಪೆನ್ನು ಇಟ್ಟ. "ಗೇಟಿನ ಹೊರಗ ಹೋಗಿ ಬಲಕ್ಕ. ಗೋರಖನಾಥನ ಪಬ್ಬಿನ ಹಿಂದ. ಬೇವಿನ ಗಿಡ ಕಾಣ್ತದ ನೋಡ್ರಿ."

ಹಿರಿಯರು ಎರಡು ಹೆಜ್ಜೆ ಹೋಗಿ, ಏನೋ ನೆನಪಾದಂತೆ ತಿರುಗಿ ಬಂದರು. ಸಿಗರೇಟನ್ನು ಬಾಯಿಯಿಂದ ತೆಗೆದು ಗೌರವದಿಂದ ಕೇಳಿದರು:

"ನೆನಪಿಗಿ ಕಟ್ಟಿ ಕಟ್ಸ್ಯಾರಂದ್ರ ಭಾಳ ದೊಡ್ಡ ಮನುಷ್ಯ ಇದ್ದಿರಬೇಕು. ಸೇದಿ ಸೇದಿ ಸತ್ತನೇನ್ರಿ ಪಾಪ?"

ಮಡೆಪ್ಪ ಇಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡ.

"ಇನ್ನೂ ಇಲ್ರಿ" ಎಂದ.